ನಾಲ್ಕು ತಾಲ್ಲೂಕಿನ ಹನ್ನೊಂದು ಹೆಸರು

ಜನವರಿ 12, 1986. ಭಾನುವಾರ. ಸಂಜೆ 7

ಕನಕಪುರದ ಮ್ಯಾಚ್ ಮುಗಿಸಿ ಈಗ ಬಂದೆ. ಬೆಳಿಗ್ಗೆ ಏಳರ ಬಸ್ಸಿಗೆ ಬಂದದ್ದು ಎಂಟೇ ಜನ. ಉಳಿದ ಮೂವರ ಮನೆಗೆ ನಿನ್ನೆ ಗೂಡಿನ ಲಾಟು ಬಂದಿದೆಯಂತೆ. ರೇಷ್ಮೆ ಗೂಡು ತಂದ ಮೇಲೆ ಇಟ್ಟುಕೊಂಡು ಕೂರುವ ಹಾಗಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆಯಿತೆಂದರೆ ನೂಲು ಹೋಯಿತು. ಫುಟ್‌ಬಾಲಾದರೆ ಕಾಯುತ್ತದೆ. ಹದಿನೈದು ವರ್ಷದಿಂದ ಕಾಯುತ್ತಲೇ ಇದೆ.

ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರನ್ನು ಹಿಡಿದೆ. ಕನಕಪುರದಲ್ಲಿ ಇನ್ನೊಬ್ಬ ಸಿಕ್ಕಿದ. ರೆಫರಿಗೆ ಲಿಸ್ಟ್ ಬರೆದುಕೊಟ್ಟೆ, ಅದೇ ಹನ್ನೊಂದು ಹೆಸರು. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ.

1-0 ಗೆದ್ದೆವು. ಗೆಲ್ಲಿಸಿದವನು ಗೋಲ್‌ಕೀಪರ್ ಪುಟ್ಟಲಿಂಗಯ್ಯ. ಕೊನೆಗೆ ಒಂದು ಪೆನಾಲ್ಟಿ... ಎಡಕ್ಕೆ ಹಾರಿ ಬೆರಳ ತುದಿಯಲ್ಲಿ ತಳ್ಳಿದ. ಬಾಲಿಗೆ ರಕ್ತ ಅಂಟಿತ್ತು. ವಾರವೆಲ್ಲ ನೂಲು ತೆಗೆಯುವ ಬೇಸಿನ್ನಿನ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುವ ಕೈ. ಚರ್ಮ ಬೆಳ್ಳಗೆ ನೆನೆದು ಬಿರುಕು ಬಿಟ್ಟಿರುತ್ತದೆ. ಶನಿವಾರ ಹರಳೆಣ್ಣೆ ಹಚ್ಚುತ್ತಾನೆ, ಭಾನುವಾರ ಬೆಳಿಗ್ಗೆ ಸೀಗೆಪುಡಿ ಹಾಕಿ ಉಜ್ಜಿ ತೆಗೆಯುತ್ತಾನೆ. ಇಲ್ಲದಿದ್ದರೆ ಬಾಲ್ ಜಾರುತ್ತದೆ.

ಮ್ಯಾಚ್ ಆದಮೇಲೆ ಇನ್‌ಶರ್ಟ್ ಮಾಡಿದ ಒಬ್ಬರು ಬಂದು ಅವನ ಬೆನ್ನು ತಟ್ಟಿದರು. ಬೆಂಗಳೂರಿನ ಯಾವುದೋ ಫ್ಯಾಕ್ಟರಿಯಲ್ಲಿ ಸ್ಪೋರ್ಟ್ಸ್ ನೋಡಿಕೊಳ್ಳುವವರು. ಅಡ್ರೆಸ್ ಬರೆದುಕೊಂಡರು.

ಜನವರಿ 20, ಸೋಮವಾರ

ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ತೂಕದ ಕೆಲಸದಲ್ಲಿದ್ದೆ. ಪುಟ್ಟಲಿಂಗಯ್ಯ ತಕ್ಕಡಿಯ ಹತ್ತಿರವೇ ಬಂದು ನಿಂತ. ಕೈಯಲ್ಲಿ ಲಕೋಟೆ. ಒದ್ದೆ ಕೈಯಲ್ಲಿ ಹಿಡಿದು ಹಿಡಿದು ಮೂಲೆ ಮೆತ್ತಗಾಗಿತ್ತು.

"ಅಣ್ಣಾ, ಒಸಿ ಓದಿ ಹೇಳಿ. ನಾನೂ ಓದಿದ್ನಿ. ನೀವೂ ಒಂದ್ಸಲ ಓದಿ."

ಕೆಲಸ ಖಾಯಂ. ಫ್ಯಾಕ್ಟರಿ ಟೀಮಿಗೆ ಆಡಬೇಕು. ಷರತ್ತು ಎರಡು. ಜೂನ್ 30ಕ್ಕೆ ಮೂವತ್ತು ತುಂಬಿರಬಾರದು. ರಾಜ್ಯ ಸಂಸ್ಥೆಯ ಮಾನ್ಯತೆ ಇರುವ ತಂಡದಲ್ಲಿ ಮೂರು ವರ್ಷ ಆಡಿದ ಸರ್ಟಿಫಿಕೇಟ್ ತರಬೇಕು.

ಅವನಿಗೆ ಮೂವತ್ತು ತುಂಬುವುದು ಜುಲೈನಲ್ಲಿ. ಊರು ಕುದೂರಿನ ಹತ್ತಿರ. ಅಮ್ಮ ಬೀರಮ್ಮ ಅಲ್ಲಿ ಕುರಿ ನೋಡಿಕೊಂಡಿದ್ದಾರೆ. ಇವನು ಹೆಂಡತಿ ಮಕ್ಕಳ ಜೊತೆ ಇಲ್ಲಿ, ನೂಲು ತೆಗೆಸುವ ಮುನಿಶಾಮಯ್ಯನ ಬೇಸಿನ್ನಿನ ಮುಂದೆ, ಒಂಬತ್ತು ವರ್ಷ.

"ಏಳ್ ವರ್ಸದಿಂದ ಆಡಿವ್ನಿ. ಒಂದ್ ಕಾಗ್ದ ಬರ್ಕೊಟ್ಬುಡಿ ಅಣ್ಣ," ಅಂದ.

ಬರೆದುಕೊಡುತ್ತೇನೆ ಅಂದೆ. ಇನ್ನೇನು ಹೇಳಲಿ. ನಮ್ಮ ಟೀಮಿಗೆ ಮಾನ್ಯತೆಯೇ ಇಲ್ಲ ಎಂಬುದು ಅವನಿಗೆ ಗೊತ್ತು. ಹಾಳೆಯೊಂದಿದ್ದರೆ ಸಾಕು ಎಂದುಕೊಂಡಿದ್ದಾನೆ.

ಜನವರಿ 26, ಭಾನುವಾರ

ಬೆಂಗಳೂರಿನಿಂದ ಮಾನ್ಯತೆಯ ಫಾರಂ ತರಿಸಿದೆ. ಇದು ಮೂರನೆಯ ಸಲ. 1974ರಲ್ಲಿ ಕೇಳಿದಾಗ, ಜಿಲ್ಲೆಗೆ ಒಂದೇ ತಂಡ, ನಿಮ್ಮ ಜಿಲ್ಲೆ ಬೆಂಗಳೂರು, ಅಲ್ಲಿ ತಂಡವಿದೆ ಎಂದರು. 1981ರಲ್ಲಿ ಉತ್ತರವನ್ನೇ ಬರೆಯಲಿಲ್ಲ. ಈಗ ನಿಯಮ ಸಡಿಲಿಸಿದ್ದಾರಂತೆ, ಹತ್ತು ವರ್ಷ ಹಳೆಯ ತಂಡವಾದರೆ ಪರಿಶೀಲಿಸುತ್ತಾರಂತೆ. ಒಂಬತ್ತನೇ ಕಾಲಂ: ತಂಡದ ಇತಿಹಾಸ, ದಾಖಲೆ ಸಮೇತ.

ಬೆಳಗಿನಿಂದ ಇತಿಹಾಸ ಬರೆಯುತ್ತಿದ್ದೇನೆ. ವಿಮಲಾ ಎರಡು ಸಲ ತಟ್ಟೆ ಹಾಕಿ ಎತ್ತಿದಳು. "ರಾಜ್ರದಾ ಇತಿಹಾಸ? ಊಟ ಮಾಡಿ ಬರೀರಿ," ಅಂದಳು.

1971ರಲ್ಲಿ ಶುರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ — ಗೂಡು ತರುವವರೂ ಕೊಳ್ಳುವವರೂ ಸೇರಿದ್ದರಿಂದ ಫೋರ್ ತಾಲ್ಲೂಕ್ಸ್ ಇಲೆವೆನ್ ಅಂತ ಹೆಸರಿಟ್ಟೆವು. ನಾನು ಹಾಫ್‌ಬ್ಯಾಕ್, ಜೊತೆಗೆ ಸೆಕ್ರೆಟರಿ. ಮುನಿಶಾಮಯ್ಯ ಲೆಫ್ಟ್ ಬ್ಯಾಕ್. ಆಗ ಅವನದು ಎರಡೇ ಬೇಸಿನ್. ಈಗ ಮೂವತ್ತು. ಗೋಲಿನಲ್ಲಿ ಹಯಾತ್.

1978ರ ಮ್ಯಾಚ್ ಬಗ್ಗೆ ಒಂದು ಪುಟ ಪೂರ್ತಿ ಬರೆದೆ. ನೂಲು ತೆಗೆಯುವ ಹೊಸ ಮೆಷಿನ್ ಕೂರಿಸಲು ಜಪಾನಿನಿಂದ ಆರು ಜನ ಬಂದಿದ್ದರು. ಆಡೋಣ ಅಂದರು. ಹನ್ನೊಂದು ಬೇಕಲ್ಲ, ನಮ್ಮವರಲ್ಲೇ ಐದು ಜನರನ್ನು ಸಾಲ ಕೊಟ್ಟೆವು. ಹಯಾತ್ ಅವರ ಗೋಲಿನಲ್ಲಿ ನಿಂತ. ದನದ ಡಾಕ್ಟರು ರೆಫರಿ. ನಾವು 2-1 ಗೆದ್ದೆವು, ಆದರೆ ಹಯಾತ್ ನಮ್ಮವರದೇ ನಾಲ್ಕು ಹೊಡೆತ ತಡೆದಿದ್ದ. ಊರಿನಲ್ಲಿ ಇವತ್ತಿಗೂ 'ಜಪಾನ್ ಹಯಾತ್' ಅಂದರೇ ಗುರುತು. ಬೆಂಗಳೂರು ಒಪ್ಪದ ಟೀಮು ಹೊರದೇಶವನ್ನು ಸೋಲಿಸಿದೆ. ಬರೆಯುವಾಗ ನಗು ಬಂತು. ಕೆಳಗೆ ಸಹಿ ಹಾಕುವಾಗ ಬರಲಿಲ್ಲ.

ಫೆಬ್ರವರಿ 3, ಸೋಮವಾರ

ರಜೆ ಹಾಕಿ ಬೆಂಗಳೂರಿಗೆ ಹೋಗಿದ್ದೆ. ಸಂಸ್ಥೆಯ ಆಫೀಸಿನಲ್ಲಿ ಬಸವಯ್ಯ ಎಂಬ ವಯಸ್ಸಾದ ಗುಮಾಸ್ತರು. ಒಳ್ಳೆಯ ಮನುಷ್ಯ. ಕುರ್ಚಿ ತೋರಿಸಿದರು, ಟೀ ತರಿಸಿದರು. ಇತಿಹಾಸ ಓದಿ ನಕ್ಕರು. ಆಮೇಲೆ ದಾಖಲೆಗೆಂದು ಲಗತ್ತಿಸಿದ್ದ ಮ್ಯಾಚ್ ಲಿಸ್ಟುಗಳನ್ನು ಒಂದೊಂದಾಗಿ ತಿರುವಿದರು. ತಿರುವುತ್ತ ತಿರುವುತ್ತ ನಿಧಾನವಾದರು.

"ಸ್ವಾಮಿ, ಹದಿಮೂರು ವರ್ಷದಿಂದ ಇದೇ ಹನ್ನೊಂದು ಜನ ಆಡಿದಾರೆ. ಯಾರಿಗೂ ಒಂದು ಜ್ವರ, ಒಂದು ಮದುವೆ, ಏನೂ ಬರಲಿಲ್ವಾ?"

ಟೀ ಲೋಟ ಕೆಳಗಿಟ್ಟೆ.

ಅವರೇ ದನಿ ತಗ್ಗಿಸಿ ಹೇಳಿದರು. ಇದೇ ಹೆಸರುಗಳು ನಿಜ ಎಂದು ಒಂದು ಮುಚ್ಚಳಿಕೆ ಬರೆದುಕೊಟ್ಟರೆ ಮೇಲಿನವರು ಸುಮ್ಮನಾಗಬಹುದು, ಮಾನ್ಯತೆ ಸಿಗಬಹುದು. ಅಲ್ಲದಿದ್ದರೆ ಯಾರು ಯಾವಾಗ ಆಡಿದರೆಂದು ವಿವರಣೆ ಕೊಡಿ, ಏನಾಗುತ್ತದೋ ಹೇಳಲಾರೆ. ಫಾರಂ ವಾಪಸ್ ಕೊಟ್ಟರು. ಬಸ್ಸಿನಲ್ಲಿ ಬಿಡದಿ ದಾಟುವವರೆಗೂ ಅದನ್ನು ಬ್ಯಾಗಿಗೆ ಹಾಕಲೂ ತೋಚಲಿಲ್ಲ.

ಫೆಬ್ರವರಿ 4. ಬೆಳಿಗ್ಗೆ 5

ಬರೆದುಬಿಡುತ್ತೇನೆ. ತಪ್ಪು ನನ್ನದು.

1973, ಚನ್ನಪಟ್ಟಣದ ಟೂರ್ನಮೆಂಟ್. ಮೊದಲೇ ಹನ್ನೊಂದು ಹೆಸರು ಕೊಟ್ಟಿರಬೇಕು ಎಂಬ ನಿಯಮ. ಆ ದಿನ ಇಬ್ಬರಿಗೆ ಲಾಟು ಬಂತು. ಬೇರೆ ಇಬ್ಬರನ್ನು ಅವರ ಹೆಸರಿನಲ್ಲಿ ಇಳಿಸಿದೆ. ಮೋಸ ಅಂತ ಮನಸ್ಸಿಗೆ ಬರಲೇ ಇಲ್ಲ. ನಮ್ಮಲ್ಲಿ ಗೂಡು ಕೊಳ್ಳುವುದೇ ಹಾಗೆ. ಲೈಸೆನ್ಸ್ ಇದ್ದವನು ಮಾತ್ರ ಹರಾಜು ಕೂಗಬೇಕು. ಮುನಿಶಾಮಯ್ಯನ ಲೈಸೆನ್ಸಿನಲ್ಲಿ ನಾಲ್ಕು ಜನ ಗೂಡು ಎತ್ತುತ್ತಾರೆ. ನಾನು ತೂಗುತ್ತೇನೆ, ಮುನಿಶಾಮಯ್ಯ ಅಂತ ಕೂಗುತ್ತೇನೆ, ಬೇರೆಯವನು ಬಂದು ಮೂಟೆ ಹೊರುತ್ತಾನೆ. ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಹೆಸರು ಒಬ್ಬನದು, ಕೆಲಸ ಇನ್ನೊಬ್ಬನದು. ಟೀಮಿಗೂ ಅದನ್ನೇ ತಂದೆ. ಆಮೇಲೆ ಬದಲಿಸಲು ಸೋಮಾರಿತನ.

1979ರಲ್ಲಿ ಹಯಾತ್ ಉಬ್ಬಸದಿಂದ ಹೋದ. ಬೇಸಿನ್ನಿನ ಹಬೆ ಕುಡಿದ ಎದೆ. ಅವನ ಜಾಗಕ್ಕೆ ಪುಟ್ಟಲಿಂಗಯ್ಯ ಬಂದ. ಲಿಸ್ಟಿನಲ್ಲಿ ಹಯಾತ್ ಅಂತಲೇ ಬರೆದೆ. ಮೊದಲ ಸಲ ಕೈ ನಿಂತಿತ್ತು. ಎರಡನೇ ಸಲ ನಿಲ್ಲಲಿಲ್ಲ.

ಈಗ ಮುಚ್ಚಳಿಕೆ ಬರೆದುಕೊಟ್ಟರೆ ಟೀಮು ಉಳಿಯುತ್ತದೆ, ಪುಟ್ಟಲಿಂಗಯ್ಯ ಎಂಬುವನು ಎಲ್ಲೂ ಆಡಿಲ್ಲ ಎಂದಾಗುತ್ತದೆ. ನಿಜ ಬರೆದರೆ ಅವನು ಆಡಿದ್ದಾನೆ, ಆದರೆ ಟೀಮು...

ಫೆಬ್ರವರಿ 9, ಭಾನುವಾರ

ಮುನಿಶಾಮಯ್ಯ ಮನೆಗೇ ಬಂದ. ಯಾರು ಹೇಳಿದರೋ. ಜಗುಲಿಯ ಮೇಲೆ ಕೂತು ವಿಮಲಾಳ ಹತ್ತಿರ ಮಜ್ಜಿಗೆ ಕೇಳಿ ಕುಡಿದ. ಆಮೇಲೆ ಶುರು ಮಾಡಿದ.

"ಏನ್ಲಾ ಸಿದ್ದಪ್ಪ, ಹೆಸ್ರುದ್ ಇಚಾರ ಎಲ್ಲಾ ಬರ್ದು ಕೊಟ್ಟೀಯಂತೆ?"

"ಇನ್ನೂ ಕೊಟ್ಟಿಲ್ಲ."

"ಕೊಡ್ಬ್ಯಾಡ. ಮಾರ್ಕೆಟ್ನಾಗೆ ಹಂಗೆ, ಟೀಮ್ನಾಗೂ ಹಂಗೆ ಅಂತ ನೀನು ಬರ್ದ್ರೆ, ನಾಳೆ ಯಾವನಾದ್ರೂ ನನ್ ಲೈಸೆನ್ಸ್ ನೋಡಾಕ್ ಬತ್ತಾನೆ. ಅದ್ರಾಗೆ ನಾಕ್ ಮನೆ ಒಲೆ ಉರೀತೈತೆ ಕಣ್ಲಾ. ಒಬ್ಬನ್ ಕೆಲ್ಸಕ್ಕೆ ನಾಕ್ ಒಲೆ ಆರುಸ್ತೀಯಾ?"

ಮಾರ್ಕೆಟ್ಟಿನ ಸುದ್ದಿ ಬರೆಯುವುದಿಲ್ಲ ಅಂದೆ. ಆಟಗಾರರ ಹೆಸರು ಮಾತ್ರ. ನಂಬಲಿಲ್ಲ. ಎದ್ದು ಹೋಗುವಾಗ, "ಪುಟ್ಟಲಿಂಗ ಹೋದ್ರೆ ನನ್ ಬೇಸಿನ್ನಿಗೆ ಅಂಥಾ ಕೈ ಸಿಗಾಕಿಲ್ಲ, ಅದೂ ಐತೆ," ಅಂದ. ಸುಳ್ಳು ಹೇಳುವವನಲ್ಲ ಅವನು. ಅದಕ್ಕೇ ಕೋಪ ಮಾಡಿಕೊಳ್ಳುವುದೂ ಕಷ್ಟ.

ಫೆಬ್ರವರಿ 16, ಭಾನುವಾರ

ಹಯಾತನ ಹೆಂಡತಿ ಹಾಜಿರಾ ಮನೆಗೆ ಹೋಗಿದ್ದೆ. ಆಕೆಯೂ ಮುನಿಶಾಮಯ್ಯನಲ್ಲೇ ರಾಟೆ ತಿರುಗಿಸುತ್ತಾಳೆ. ಬೆಳಗಿನಿಂದ ನಾಲ್ಕು ಸಲ ಆ ಬೀದಿಯ ತುದಿಯವರೆಗೆ ಹೋಗಿ ವಾಪಸ್ ಬಂದಿದ್ದೆ. ಕೇಳಬೇಕಾದದ್ದು ಹಾಗಿತ್ತು — ಗಂಡನ ಮರಣದ ಸರ್ಟಿಫಿಕೇಟ್.

ಪೆಟ್ಟಿಗೆ ತೆಗೆದಳು. ಮೇಲೆ ಪೇಪರ್ ಕಟಿಂಗ್‌ಗಳು. ಎಲ್ಲ ನಾನೇ ಓದಿ ಹೇಳಿ ಕೊಟ್ಟವು. 1980, 'ಹಯಾತ್ ಅಮೋಘ ಗೋಲ್‌ಕೀಪಿಂಗ್'. 1983, 'ಎರಡು ಪೆನಾಲ್ಟಿ ತಡೆದ ಹಯಾತ್'. ಸತ್ತ ನಾಲ್ಕು ವರ್ಷದ ಮೇಲೆ. ಆಗ ಓದಿ ಹೇಳುವಾಗ ನಾಚಿಕೆಯಾಗಿರಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

"ಆಡಿದ್ದು ಪುಟ್ಟಲಿಂಗಣ್ಣ ಅಂತ ನಂಗೇನ್ ಗೊತ್ತಿರ್ಲಿಲ್ವಾ ಅಣ್ಣ. ಅವ್ರು ಹೋದ್ ಮ್ಯಾಲೂ ವರ್ಸಕ್ ಒಂದ್ಸಲ ಹೆಸ್ರು ಬತ್ತಿತ್ತು. ಮನಸ್ಗೆ ಒಂಥರಾ ಇರ್ತಿತ್ತು. ಸಾಕು ಬುಡಿ, ಏಳ್ ವರ್ಸ ಆಯ್ತು. ಪುಟ್ಟಲಿಂಗಣ್ಣಂಗೆ ಮಕ್ಳವ್ರೆ."

ಕಾಗದ ತೆಗೆದು ಕೊಟ್ಟಳು. ಗಂಡ ಸತ್ತ ಮೇಲೆ ಆಡಿದವನು ಪುಟ್ಟಲಿಂಗಯ್ಯ ಎಂದು ನಾನು ಬರೆದ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದಳು. ಆ ಹೆಬ್ಬೆಟ್ಟಿನಲ್ಲಿ ಗೆರೆಯೇ ಸರಿಯಾಗಿ ಮೂಡಲಿಲ್ಲ, ಎರಡು ಸಲ ಒತ್ತಿಸಿದೆ. ರಾಟೆಯ ಹಿಡಿಗೆ ಸವೆದಿದೆ. ಹೊರಗೆ ಬಂದು ಬೀದಿಯಲ್ಲಿ ಅತ್ತೆ. ಯಾರೂ ನೋಡಲಿಲ್ಲ.

ಮಾರ್ಚ್ 3, ಸೋಮವಾರ

ಕೊಟ್ಟು ಬಂದೆ. ಯಾರು ಯಾರ ಹೆಸರಿನಲ್ಲಿ ಆಡಿದರೆಂದು ಒಂಬತ್ತು ಪುಟ. ನೆನಪಾದಷ್ಟು. ತಪ್ಪು ಸೆಕ್ರೆಟರಿಯದು, ಆಟಗಾರರದಲ್ಲ ಎಂದು ಕೊನೆಯಲ್ಲಿ ಬರೆದೆ. ಮಾರ್ಕೆಟ್ಟಿನ ವಿಷಯ ಒಂದಕ್ಷರವೂ ಇಲ್ಲ.

ಬಸವಯ್ಯನವರು ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿದರು. "ಇಷ್ಟು ನಿಜ ಯಾರೂ ಬರೆದುಕೊಡೋದಿಲ್ಲ, ಸಿದ್ದಪ್ಪನವರೇ," ಅಂದರು. ಹೊಗಳಿದರೋ ಏನೋ. ರಸೀದಿ ಕೊಟ್ಟರು.

ಪುಟ್ಟಲಿಂಗಯ್ಯನಿಗೆ ಏಪ್ರಿಲ್ ಒಳಗೆ ಆಗುತ್ತದೆ ಅಂದೆ. ಅವನು ಆಗಲೇ ಫ್ಯಾಕ್ಟರಿಯ ಹತ್ತಿರ ಬಾಡಿಗೆ ಮನೆ ಹೇಗೆ ಸಿಗುತ್ತದೆ ಅಂತ ವಿಚಾರಿಸಿಕೊಂಡು ಬಂದಿದ್ದಾನೆ.

ಮಾರ್ಚ್ 27

ಏನೂ ಬಂದಿಲ್ಲ.

ಏಪ್ರಿಲ್ 21, ಸೋಮವಾರ

ಬಂತು. ಅರ್ಧ ಪುಟ, ಟೈಪ್ ಮಾಡಿದ್ದು.

ಅರ್ಜಿ ತಿರಸ್ಕೃತ. ಸುಳ್ಳು ಹೆಸರಿನಲ್ಲಿ ಆಟಗಾರರನ್ನು ಇಳಿಸಿದ್ದನ್ನು ಸೆಕ್ರೆಟರಿಯೇ ಒಪ್ಪಿಕೊಂಡಿರುವುದರಿಂದ ತಂಡಕ್ಕೆ ಐದು ವರ್ಷ ನಿಷೇಧ. ಮಾನ್ಯತೆ ಇರುವ ಯಾವ ತಂಡವೂ ಈ ತಂಡದ ಜೊತೆ ಆಡಕೂಡದು. ಈವರೆಗಿನ ಎಲ್ಲ ಫಲಿತಾಂಶಗಳೂ ಅಸಿಂಧು. ಈ ತಂಡ ನೀಡುವ ಯಾವ ಸರ್ಟಿಫಿಕೇಟಿಗೂ ಬೆಲೆಯಿಲ್ಲ.

ಇಲ್ಲದ ಮಾನ್ಯತೆಯನ್ನು ಕಿತ್ತುಕೊಂಡಿದ್ದಾರೆ. ಹದಿನೈದು ವರ್ಷ ನಾವು ಇದ್ದೇವೆಂದು ಅವರು ಒಪ್ಪಿರಲಿಲ್ಲ. ಶಿಕ್ಷೆ ಕೊಡಲು ಮಾತ್ರ ಒಪ್ಪಿದರು.

ಮಧ್ಯಾಹ್ನ ಬಿಡುವಿನಲ್ಲಿ ಮುನಿಶಾಮಯ್ಯನ ನೂಲು ತೆಗೆಯುವ ಫಿಲೇಚರಿಗೆ ಹೋಗಿ ಪುಟ್ಟಲಿಂಗಯ್ಯನಿಗೆ ಹೇಳಿದೆ. ಬೇಸಿನ್ನಿನಿಂದ ಕೈ ತೆಗೆಯಲಿಲ್ಲ. ಎಳೆ ಹಿಡಿದಿದ್ದ, ಬಿಟ್ಟರೆ ತುಂಡಾಗುತ್ತದೆ. "ಸರಿ ಬುಡಿ ಅಣ್ಣ," ಅಂದ. ಒಂದು ಮಾತು ಬೈದಿದ್ದರೂ ಚೆನ್ನಾಗಿತ್ತು.

ರಾಟೆಯ ಹತ್ತಿರದಿಂದ ಹಾಜಿರಾ ಕೇಳಿದಳು. "ಎಲ್ಲಾನೂ ತೆಗ್ದಾಕ್ಬುಟ್ರಾ ಅಣ್ಣ? ಅವ್ರು ನಿಜವಾಗ್ಲೂ ಆಡಿದ್ದೂ? ಜಪಾನ್ ಮ್ಯಾಚೂ?"

ಹೂಂ, ಎಲ್ಲ ಅಂದೆ. ಅವಳು ರಾಟೆ ತಿರುಗಿಸಿದಳು. ಹಬೆಯಲ್ಲಿ ಮುಖ ಕಾಣಿಸಲಿಲ್ಲ. ಸತ್ತವನ ಎಂಟು ವರ್ಷವನ್ನೂ ನಾನೇ ಹೋಗಿ ಕೊಟ್ಟು ಬಂದಿದ್ದೆ, ಅವಳ ಹೆಬ್ಬೆಟ್ಟು ಒತ್ತಿಸಿ.

ಮೇ 11, ಭಾನುವಾರ

ಮೈದಾನಕ್ಕೆ ಮೂರು ಜನ ಬಂದಿದ್ದರು. ಮುಂದಿನ ವಾರ ಬರುವುದು ಬೇಡ ಅಂದೆ. ನಮ್ಮ ಜೊತೆ ಆಡಲು ಟೀಮಿಲ್ಲ.

ಮಾರ್ಕೆಟ್ಟಿನಲ್ಲಿ ಗೂಡು ರಾಶಿ ರಾಶಿ. ಇಷ್ಟು ಜನ, ಇಷ್ಟು ಜೋರು ವ್ಯಾಪಾರ ಹಿಂದೆಂದೂ ನೋಡಿಲ್ಲ. ಪ್ರತಿ ಬೀದಿಯಲ್ಲಿ ಹೊಸ ಬೇಸಿನ್ ಕೂರುತ್ತಿದೆ. ಊರೆಲ್ಲ ಸಡಗರ. ನನಗೆ ತಕ್ಕಡಿಯ ಮುಳ್ಳು ಬಿಟ್ಟು ಬೇರೆ ಕಡೆ ನೋಡಲು ಮನಸ್ಸಿಲ್ಲ.

ಜುಲೈ 1, ಮಂಗಳವಾರ

ನಿನ್ನೆಗೆ ಗಡುವು ಮುಗಿಯಿತು. ಫ್ಯಾಕ್ಟರಿಯವರಿಗೆ ಎರಡು ಕಾಗದ ಬರೆದಿದ್ದೆ, ಬಸವಯ್ಯನವರ ಕೈಕಾಲು ಹಿಡಿದಿದ್ದೆ. ಅವರೇನು ಮಾಡಿಯಾರು. ಬೇರೆ ಯಾರನ್ನೋ ತಗೊಂಡರಂತೆ.

ಜುಲೈ 20, ಭಾನುವಾರ. ಸಂಜೆ

ಪುಟ್ಟಲಿಂಗಯ್ಯ ಬಂದಿದ್ದ. ಹೊಸ ಚಪ್ಪಲಿ. ಬಹಳ ಹೊತ್ತು ಮಳೆ, ಸೊಪ್ಪು, ಅಮ್ಮನ ಕುರಿ ಅಂತ ಮಾತಾಡಿದ. ಆಮೇಲೆ ತಲೆ ತಗ್ಗಿಸಿ ವಿಷಯ ತೆಗೆದ.

ಬೆಂಗಳೂರಿನ ಒಂದು ಕ್ಲಬ್. ಮಾನ್ಯತೆ ಇದೆ, ಲೀಗ್ ಆಡುತ್ತದೆ. ಅವರ ಗೋಲ್‌ಕೀಪರ್ ಸಂಪಂಗಿ ಎಂಬುವನು ಹೇಳದೆ ಕೇಳದೆ ದುಬೈಗೆ ಹೋಗಿದ್ದಾನೆ. ಹೆಸರು ಇನ್ನೂ ಲಿಸ್ಟಿನಲ್ಲಿದೆ, ಹೊಸ ಹೆಸರು ಸೇರಿಸುವ ತಾರೀಕು ಮುಗಿದಿದೆ. ಕನಕಪುರದಲ್ಲಿ ಇವನನ್ನು ನೋಡಿದ್ದವರು ಹೇಳಿ ಕಳಿಸಿದ್ದಾರೆ.

"ಸಂಪಂಗಿ ಅಂತ ನಿಂತ್ಕೊಬೇಕಂತೆ. ಬಸ್ ಚಾರ್ಜು, ಊಟ ಕೊಡ್ತಾರಂತೆ. ಓಗ್ಲಾ ಅಣ್ಣ?"

"ಸಿಕ್ಕಿಹಾಕಿಕೊಂಡರೆ?"

"ಸಿಕ್ಕಾಕ್ಕೊಂಡ್ರೆ ಏನ್ ಮಾಡ್ತಾರೆ? ಪುಟ್ಟಲಿಂಗಯ್ಯ ಆಡಂಗಿಲ್ಲ ಅಂತಾರೆ. ಪುಟ್ಟಲಿಂಗಯ್ಯ ಯಾವತ್ತು ಆಡವ್ನೆ?"

ಅವನ ಕೈ ನೋಡಿದೆ. ಮೂರು ತಿಂಗಳಿಂದ ಬಾಲ್ ಹಿಡಿಯದ ಕೈ, ಬಿರುಕೆಲ್ಲ ಹಾಗೇ ಇದೆ. ಹೋಗು ಅಂದೆ. ಯಾವ ಬಾಯಿಯಲ್ಲಿ ಬೇಡ ಅನ್ನಲಿ, ಈ ವಿದ್ಯೆ ಕಲಿಸಿದವನೇ ನಾನು. ಕಾಲಿಗೆ ಬಿದ್ದು ಹೋದ. ತಡೆಯುವಷ್ಟರಲ್ಲಿ ಬಿದ್ದಾಗಿತ್ತು.

ಆಗಸ್ಟ್ 17, ಭಾನುವಾರ

ಮೊನ್ನೆ ಹದಿನೈದರಿಂದ ನಮ್ಮದು ಬೇರೆ ಜಿಲ್ಲೆ, ಬೆಂಗಳೂರು ಗ್ರಾಮಾಂತರ. ನಾಲ್ಕೂ ತಾಲ್ಲೂಕು ಅದರಲ್ಲೇ. ಜಿಲ್ಲೆಗೊಂದು ತಂಡ ಬೇಕಂತೆ, ಆಟಗಾರರು ಯಾರಿದ್ದಾರೆ ಅಂತ ತಾಲ್ಲೂಕು ಆಫೀಸಿನವರು ನಿನ್ನೆ ಮಾರ್ಕೆಟ್ಟಿನಲ್ಲಿ ವಿಚಾರಿಸುತ್ತಿದ್ದರು. ಮುನಿಶಾಮಯ್ಯ ನನ್ನ ಕಡೆ ನೋಡಿದ. ನಾನು ತೂಕ ಮಾಡುತ್ತಿದ್ದೆ.

ಆಗಸ್ಟ್ 24, ಭಾನುವಾರ

ವಿಮಲಾಳಿಗೆ ಹೇಳದೆ ಬೆಂಗಳೂರಿಗೆ ಹೋಗಿದ್ದೆ. ಟಿಕೆಟ್ ತೆಗೆದುಕೊಂಡು ಸ್ಟೇಡಿಯಮ್ಮಿನಲ್ಲಿ ಕೂತು ನೋಡಿದ್ದು ಜೀವನದಲ್ಲಿ ಇದೇ ಮೊದಲು.

ಹಸಿರು ಜರ್ಸಿ, ಕೈಗೆ ಗ್ಲೌಸು. ಪುಟ್ಟಲಿಂಗಯ್ಯ ಗ್ಲೌಸು ಹಾಕಿದ್ದು ಯಾವತ್ತೂ ನೋಡಿರಲಿಲ್ಲ. ಎಷ್ಟು ಚೆನ್ನಾಗಿ ಆಡಿದ. ಮೊದಲ ಹಾಫಿನಲ್ಲಿ ಮೂರು ಹೊಡೆತ ತಡೆದ, ಎರಡನೆಯದರಲ್ಲಿ ಒಂದು, ಅದನ್ನಂತೂ ಹೇಗೆ ಹಿಡಿದನೋ... ಸುತ್ತಲಿದ್ದವರೆಲ್ಲ ಎದ್ದು ನಿಂತು ಸಂಪಂಗಿ, ಸಂಪಂಗಿ ಅಂತ ಕೂಗಿದರು. ನಾನು ಕೂತೇ ಇದ್ದೆ. ಎದೆ ಒಡೆಯುವಷ್ಟು ಹೆಮ್ಮೆ. ಎಲ್ಲಿಡಲಿ ಅದನ್ನು.

ಪಕ್ಕದಲ್ಲಿದ್ದ ಮನುಷ್ಯ ಎದುರು ಟೀಮಿನವನೆಂದು ಬ್ಯಾಡ್ಜ್ ನೋಡಿದ ಮೇಲೆ ಗೊತ್ತಾಯಿತು. ನನ್ನನ್ನೇ ನೋಡುತ್ತಿದ್ದ. "ಏನ್ ಸ್ವಾಮಿ, ಕಣ್ಣಲ್ಲಿ ನೀರು ಬಂದಿದೆ. ಈ ಕೀಪರ್ ನಿಮಗೆ ಗೊತ್ತಾ?" ಅಂದ. ಧೂಳು ಅಂದೆ. ಕೀಪರ್ ಹೆಸರು ಸಂಪಂಗಿಯಂತೆ, ಈಗಷ್ಟೇ ಕೇಳಿದೆ ಅಂದೆ. ತಡವರಿಸಲಿಲ್ಲ.

ವಿಷಲ್ ಆಯಿತು. ಪುಟ್ಟಲಿಂಗಯ್ಯ ಗ್ಯಾಲರಿಯ ಹತ್ತಿರ ಓಡಿ ಬಂದ. ಅಷ್ಟು ಜನರ ನಡುವೆ ನನ್ನನ್ನು ಹೇಗೆ ಕಂಡನೋ. ಗ್ಲೌಸು ಬಿಚ್ಚಿ, ಎರಡೂ ಕೈ ಮೇಲೆತ್ತಿ, ನಗುತ್ತ, ಅಣ್ಣಾ ಅಂತ ಕೂಗಿದ. ಬ್ಯಾಡ್ಜಿನವನು ನನ್ನ ಕಡೆ ತಿರುಗಿದ. ನಾನು ಹಿಂದಕ್ಕೆ ನೋಡಿದೆ, ಬೇರೆ ಯಾರನ್ನೋ ಕರೆಯುತ್ತಿದ್ದಾನೆ ಎಂಬ ಹಾಗೆ. ಮತ್ತೆ ಕೂಗಿದ. ನಾನು ಎದ್ದು ಬಾಗಿಲ ಕಡೆ ನಡೆದೆ. ಮೂರನೇ ಸಲ ಕೂಗಿದಾಗ ದನಿಯಲ್ಲಿ ನಗು ಇರಲಿಲ್ಲ, ನಾನು ಆಗಲೂ ತಿರುಗಿ ನೋಡಲಿಲ್ಲ.